ನೀರನ್ನು ಗೆದ್ದ ನಿಶಾ

ಹಳ್ಳಿಗಳಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ಮಕ್ಕಳನ್ನು ಬಾವಿಗಿಳಿಸಿ ಈಜು ಕಲಿಸುವ ವಾಡಿಕೆಯಿತ್ತು. ಬುರುಡೆ ದೇಹವನ್ನು ತೇಲಿಸಬಲ್ಲದು. ಮನಸ್ಸಿನ ಭಯವನ್ನು ಮಾತ್ರ ಕಲಿಯುವವರೇ ಕಳೆದುಕೊಳ್ಳಬೇಕು. ಹಾಗೆ ಭಯವನ್ನು ಕಳೆದು ಒಲಿಂಪಿಕ್ ಕ್ರೀಡಾಕೂಟದವರೆಗೆ ಈಜಿದವರು ಬೆಂಗಳೂರಿನ ನಿಶಾ ಮಿಲೆಟ್.

ನಿಶಾ ಜನಿಸಿದ್ದು 1982ರಲ್ಲಿ. ಐದು ವರ್ಷದ ಬಾಲಕಿಯಾಗಿದ್ದಾಗ ಅವರು ನೀರಿನಲ್ಲಿ ಮುಳುಗಿ, ಪ್ರಾಣಾಪಾಯದಿಂದ ಪಾರಾದರು. ಇಂತಹ ಪ್ರಸಂಗದ ಬಳಿಕ ಮಕ್ಕಳನ್ನು ನೀರಿನಿಂದ ದೂರವಿಡುವ ಹಿರಿಯರೇ ಹೆಚ್ಚು. ನಿಶಾ ಅವರ ತಂದೆಯಾದರೋ, ಮಗಳು ಈಜನ್ನು ಕಲಿಯಲೇಬೇಕೆಂದು ನಿಶ್ಚಯಿಸಿದರು. ಭಯದ ಮೂಲವೆಲ್ಲಿದೆಯೋ ಅಲ್ಲಿಯೇ ಅದರ ಪರಿಹಾರವನ್ನೂ ಹುಡುಕಿದರು. 1991ರಲ್ಲಿ, ಅಂದಿನ ಮದರಾಸು ನಗರದಲ್ಲಿ, ನಿಶಾ ಅವರ ಈಜಿನ ಅಭ್ಯಾಸ ಮೊದಲಾಯಿತು.

ಅಂಜಿಕೆ ಕ್ರಮೇಣ ಆಸಕ್ತಿಯಾಯಿತು, ಆಸಕ್ತಿ ಸಾಧನೆಯಾಯಿತು. 1999ರಲ್ಲಿ ಮಣಿಪುರದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕರ್ನಾಟಕದ ಪರವಾಗಿ ಸ್ಪರ್ಧಿಸಿದ ನಿಶಾ 14 ಚಿನ್ನದ ಪದಕಗಳನ್ನು ಗೆದ್ದರು. ಮುಂದೆ ಅರ್ಜುನ ಪ್ರಶಸ್ತಿಯೂ ಅವರನ್ನು ಅರಸಿ ಬಂದಿತು.

2000ದಲ್ಲಿ, ಹದಿನೆಂಟರ ಹರೆಯದಲ್ಲಿ, ಅವರು ಆಸ್ಟ್ರೇಲಿಯದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಗಿಳಿದರು. 50 ಮೀಟರ್ ಉದ್ದದ ಕೊಳವನ್ನು ನಾಲ್ಕು ಬಾರಿ ಕ್ರಮಿಸುವ ಈ ಸ್ಪರ್ಧೆಯಲ್ಲಿ ಈಜುಗಾರ್ತಿಯರನ್ನು ಹಲವು ತಂಡಗಳಾಗಿ ವಿಂಗಡಿಸುತ್ತಾರೆ. ನಿಶಾ ತಮ್ಮ ತಂಡದಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದರು. ಆದರೂ ಮುಂದಿನ ಸುತ್ತಿನ ಬಾಗಿಲು ಅವರಿಗೆ ತೆರೆಯಲಿಲ್ಲ. ಏಕೆಂದರೆ ಉಪಾಂತ್ಯಕ್ಕೆ ಆಯ್ಕೆಯಾಗುವವರು ಆಯಾ ತಂಡದಲ್ಲಿ ಗೆದ್ದವರಲ್ಲ. ಎಲ್ಲ ತಂಡಗಳನ್ನೂ ಒಟ್ಟಾಗಿ ಪರಿಗಣಿಸಿದಾಗ ಅತ್ಯಂತ ಕಡಿಮೆ ಸಮಯದಲ್ಲಿ ಈಜಿದ 16 ಮಂದಿ. ಆ ಸ್ಪರ್ಧೆಯ ಚಿನ್ನವನ್ನು ಆಸ್ಟ್ರೇಲಿಯದ ಸೂಸಿ ಓನೀಲ್ 1 ನಿಮಿಷ 58.24 ಸೆಕೆಂಡುಗಳಲ್ಲಿ ಈಜಿ ಪಡೆದರು. ಜೊತೆಯವರನ್ನು ಹಿಂದೆ ಹಾಕುವುದು ಒಂದು ಗೆಲುವು. ಕಾಲವನ್ನು ಹಿಂದೆ ಹಾಕುವುದು ಅದಕ್ಕಿಂತ ಕಠಿನವಾದ ಗೆಲುವು ಎಂಬುದಕ್ಕೆ ಈ ಪ್ರಸಂಗ ನಿದರ್ಶನವಾಗಿದೆ.

ನಿಶಾ ಎದೆಗುಂದಲಿಲ್ಲ. 2002ರಲ್ಲಿ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಮತ್ತೆ ಕೊಳಕ್ಕಿಳಿದರು. ಆದರೆ 2004ರ ಅಥೆನ್ಸ್ ಒಲಿಂಪಿಕ್ಸಿನ ಅರ್ಹತೆ ಕೂದಲೆಳೆಯ ಅಂತರದಲ್ಲಿ ಕೈತಪ್ಪಿತು. ಕಣ್ಣೆವೆ ಇಕ್ಕುವಷ್ಟು ಕಾಲ ವರ್ಷಗಳ ಪರಿಶ್ರಮದ ಫಲವನ್ನು ಕಸಿದುಕೊಳ್ಳಬಲ್ಲದು. ಆದರೆ ಪರಿಶ್ರಮದಿಂದ ದೊರೆತ ವಿದ್ಯೆಯನ್ನು ಕಸಿದುಕೊಳ್ಳಲಾರದು.

ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ ನಿಶಾ ಬೆಂಗಳೂರಿನಲ್ಲಿ ಈಜು ಕಲಿಸುವ ಕಾರ್ಯವನ್ನು ಕೈಗೊಂಡರು. ಒಲಿಂಪಿಕ್ ಪದಕ ಅವರ ಕೊರಳನ್ನು ಅಲಂಕರಿಸಲಿಲ್ಲ, ನಿಜ. ಆದರೆ ಒಮ್ಮೆ ನೀರಿನಲ್ಲಿ ಮುಳುಗಿದ್ದ ಬಾಲಕಿಯೇ ಬೆಳೆದು, ನೀರಿಗಂಜುವ ಮಕ್ಕಳ ಕೈಹಿಡಿದು ಕೊಳಕ್ಕಿಳಿಸುವ ಗುರುವಾದುದು ಯಾವ ಪದಕಕ್ಕೂ ಕಡಿಮೆಯಾದ ಸಾಧನೆಯಲ್ಲ.