ದುಡಿಮೆ ಮತ್ತು ಬಿಡುವು

ದುಡಿಮೆ ಮತ್ತು ಬಿಡುವು ಮಾನವಜೀವನದ ಎರಡು ಕಣ್ಣುಗಳು. ದುಡಿಮೆಯಿಂದ ಹೊಟ್ಟೆ ತುಂಬುತ್ತದೆ. ಬಿಡುವಿನ ವೇಳೆಯಲ್ಲಿ ಕೈಗೊಂಡ ಒಳ್ಳೆಯ ಹವ್ಯಾಸದಿಂದ ಮನಸ್ಸು ಅರಳುತ್ತದೆ. ಆದರೆ ಬಿಡುವು ತಾನಾಗಿಯೇ ಬಂದು ಬಾಗಿಲು ತಟ್ಟುವುದಿಲ್ಲ. ಒಬ್ಬರಿಗೆ ಬಿಡುವು ದೊರೆಯಬೇಕಾದರೆ ಮತ್ತೊಬ್ಬರು ಆ ಹೊತ್ತಿನ ಕೆಲಸಕ್ಕೆ ಹೆಗಲು ಕೊಡಬೇಕಾಗುತ್ತದೆ. ಉದ್ಯೋಗದಲ್ಲಿರುವ ತಂದೆತಾಯಿಗಳ ದಿನಚರಿಯನ್ನು ಪರಿಶೀಲಿಸಿದರೆ ಈ ಮಾತಿನ ಸತ್ಯವು ಮನದಟ್ಟಾಗುತ್ತದೆ.

ಮನೆಯಲ್ಲಿದ್ದುಕೊಂಡೇ ಉದ್ಯೋಗ ಮಾಡುವುದು ಹೊಸ ಪದ್ಧತಿಯೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇದು ಬಹಳ ಹಳೆಯದು. ಯಲಹಂಕದಿಂದ ಉತ್ತರಕ್ಕೆ ಸಾಗಿದರೆ ಸಿಗುವ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮಗ್ಗದ ಸದ್ದು ಮನೆಗಳ ಒಳಗಿನಿಂದಲೇ ಕೇಳಿಬರುತ್ತದೆ. ಅಲ್ಲಿ ಒಲೆ, ತೊಟ್ಟಿಲು ಮತ್ತು ಮಗ್ಗ ಒಂದೇ ಸೂರಿನಡಿ ಇರುತ್ತವೆ. ಕಾರ್ಖಾನೆಗಳು ಹುಟ್ಟಿಕೊಂಡ ಮೇಲೆ ಮನೆಯೂ ದುಡಿಮೆಯೂ ಬೇರೆ ಬೇರೆಯಾದವು. ಯಶವಂತಪುರದ ಸಮೀಪದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪನೆಯಾದವು. 1984ರಲ್ಲಿ ಯಲಹಂಕದ ರೈಲುಗಾಲಿ ಕಾರ್ಖಾನೆಯು ಆರಂಭವಾಯಿತು. ಮುಂದೆ ಹೆಬ್ಬಾಳಕ್ಕೆ ಸಮೀಪದ ನಾಗವಾರದಲ್ಲಿ ಗಣಕಯಂತ್ರದ ಕೆಲಸ ನಡೆಯುವ ಬಹುಮಹಡಿ ಕಟ್ಟಡಗಳು ತಲೆಯೆತ್ತಿದವು. ಬೆಳಗ್ಗೆ ಹೊರಟು ಸಂಜೆ ಮರಳುವುದೇ ನಗರದ ಕ್ರಮವಾಯಿತು.

2020ರಲ್ಲಿ ಈ ಕ್ರಮಕ್ಕೆ ಭಂಗ ಬಂದಿತು. ಕೊರೋನಾ ಸಾಂಕ್ರಾಮಿಕವನ್ನು ತಡೆಯಲು ಮಾರ್ಚ್ 25ರಿಂದ ದೇಶದಾದ್ಯಂತ ಸಂಚಾರವನ್ನು ನಿರ್ಬಂಧಿಸಲಾಯಿತು. ಶಾಲೆಗಳು ಮುಚ್ಚಿದವು, ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಸಾವಿರಾರು ನೌಕರರ ಪಾಲಿಗೆ ಮನೆಯೇ ಕಚೇರಿಯಾಯಿತು. ದಾದಿಯರಿಗೆ, ಪೌರಕಾರ್ಮಿಕರಿಗೆ, ತರಕಾರಿ ಮಾರುವವರಿಗೆ ಮನೆಯಲ್ಲಿ ಕುಳಿತು ದುಡಿಯುವ ಅನುಕೂಲವಿರಲಿಲ್ಲ. ಅನೇಕರಿಗೆ ದುಡಿಮೆಯೇ ಇಲ್ಲವಾಯಿತು. ಈ ಮಾತನ್ನು ನಾವು ಮರೆಯಬಾರದು. ಆದರೆ ಮನೆಯಲ್ಲಿ ಉಳಿದವರಿಗಾದರೂ ಬಿಡುವು ದೊರೆಯಿತೇ?

ಯಲಹಂಕ ಉಪನಗರದ ಒಂದು ಮನೆಯನ್ನು ನಿದರ್ಶನಕ್ಕಾಗಿ ಊಹಿಸಿಕೊಳ್ಳೋಣ. ತಾಯಿಯೂ ತಂದೆಯೂ ಉದ್ಯೋಗಸ್ಥರು. ಮಗಳು ಒಂಬತ್ತನೆಯ ತರಗತಿಯವಳು, ಮಗ ಚಿಕ್ಕವನು. ಜೊತೆಗೆ ಅಜ್ಜಿ ಇದ್ದಾರೆ. ತಾಯಿ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿಯಿಟ್ಟು, ತಿಂಡಿ ಮಾಡಿ, ಒಂಬತ್ತಕ್ಕೆ ಗಣಕಯಂತ್ರದ ಮುಂದೆ ಕೂರುತ್ತಾರೆ. ಕಚೇರಿಯ ಸಭೆ ನಡೆಯುತ್ತಿರುವಾಗಲೇ ಕುಕ್ಕರು ಕೂಗುತ್ತದೆ. ಮಗ ಲೆಕ್ಕ ಹೇಳಿಸಿಕೊಳ್ಳಲು ಬಂದು ನಿಲ್ಲುತ್ತಾನೆ. ಊಟ, ಪಾತ್ರೆ, ಬಟ್ಟೆ, ಅಜ್ಜಿಯ ಔಷಧ, ಮತ್ತೆ ಕಚೇರಿ, ಮತ್ತೆ ಅಡುಗೆ. ದಿನ ಮುಗಿಯುವಾಗ ರಾತ್ರಿ ಹತ್ತೂವರೆ. ಪ್ರಯಾಣದ ಎರಡು ಗಂಟೆ ಉಳಿಯಿತು ನಿಜ. ಆ ಎರಡು ಗಂಟೆಯನ್ನೂ ಮನೆಗೆಲಸವೇ ನುಂಗಿಹಾಕಿತು.

ಇದು ಊಹೆಯ ಚಿತ್ರವಾದರೂ ಲೋಕದ ಸ್ಥಿತಿಗೆ ದೂರವಾದುದಲ್ಲ. 2019ರಲ್ಲಿ ಭಾರತ ಸರ್ಕಾರವು ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷಗಳನ್ನು. ಅಂತಹ ಕೆಲಸದಲ್ಲಿ ಕೈಹಾಕುವ ಪುರುಷರಾದರೋ ನೂರಕ್ಕೆ 26 ಮಂದಿ ಮಾತ್ರ. ಮಹಿಳೆಯರು ನೂರಕ್ಕೆ 81 ಮಂದಿ. ಮನೆಯಲ್ಲಿ ಬಿಡುವು ಯಾರ ಪಾಲಿಗೆ ಹೆಚ್ಚು, ಯಾರ ಪಾಲಿಗೆ ಕಡಿಮೆ ಎಂಬುದನ್ನು ಈ ಅಂಕಿಗಳೇ ಸಾರುತ್ತವೆ.

ನಮ್ಮ ನಿದರ್ಶನದ ಮನೆಗೆ ಮರಳೋಣ. ಧಾರವಾಡದ ಕಡೆಯಿಂದ ಬಂದ ಆ ತಾಯಿಗೆ ಕಸೂತಿ ಬರುತ್ತದೆ. ಅರ್ಧ ಹಾಕಿದ ಸೆರಗೊಂದು ವರ್ಷಗಳಿಂದ ಪೆಟ್ಟಿಗೆಯಲ್ಲಿ ಮಡಿಸಿಕೊಂಡು ಕುಳಿತಿದೆ. ಒಂದು ಭಾನುವಾರ ಅಜ್ಜಿ ಅದನ್ನು ಹೊರತೆಗೆದು, “ಇದು ಎಂದು ಮುಗಿಯುತ್ತದೆಯಮ್ಮಾ?” ಎಂದು ಕೇಳುತ್ತಾರೆ. ಅಂದು ಎಲ್ಲರೂ ಕುಳಿತು ಮನೆಯ ಕೆಲಸಗಳನ್ನು ಕಾಗದದ ಮೇಲೆ ಬರೆಯುತ್ತಾರೆ. ಇಪ್ಪತ್ತಮೂರು ಕೆಲಸಗಳಲ್ಲಿ ಹದಿನೇಳರ ಮುಂದೆ ತಾಯಿಯ ಹೆಸರೇ ಬರುತ್ತದೆ. ಪಟ್ಟಿಯನ್ನು ನೋಡಿ ಯಾರೂ ಮಾತನಾಡುವುದಿಲ್ಲ. ಮರುದಿನದಿಂದ ಬೆಳಗಿನ ತಿಂಡಿಯ ಹೊಣೆ ತಂದೆಯದಾಗುತ್ತದೆ, ಪಾತ್ರೆಯ ಕೆಲಸ ಮಗಳದು, ಬಟ್ಟೆ ಮಡಿಸುವುದು ಮಗನದು. ಕುಳಿತಲ್ಲಿಯೇ ಸೊಪ್ಪು ಬಿಡಿಸಿಕೊಡಲು ಅಜ್ಜಿ ತಾವಾಗಿ ಮುಂದಾಗುತ್ತಾರೆ. ಸಂಜೆ ಆರರಿಂದ ಆರೂವರೆಯವರೆಗೆ ತಾಯಿಯನ್ನು ಯಾರೂ ಕರೆಯುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಏನಾದೀತು ಎನ್ನಬಹುದು. ಹನಿಗೂಡಿದರೆ ಹಳ್ಳ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತುಳಸಿಕಟ್ಟೆ, ತೇರು, ಆನೆಗಳು ಮೂಡುತ್ತವೆ. ಗವಂತಿ ಮತ್ತು ಮುರಗಿಗಳಲ್ಲಿ ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟಾಗಿರುತ್ತದೆ. ಎಣಿಕೆಯಲ್ಲಿ ಮುಳುಗಿದ ಮನಸ್ಸು ಕಚೇರಿಯ ಚಿಂತೆಯನ್ನು ಕೆಲಹೊತ್ತು ಮರೆಯುತ್ತದೆ. ತಂದೆಯೂ ಮಹಡಿಯ ಮೇಲೆ ಕುಂಡಗಳಲ್ಲಿ ಮೆಂತ್ಯ, ದಂಟು, ಪಾಲಕ್ ಬಿತ್ತುತ್ತಾರೆ. ತರಕಾರಿಯ ಸಿಪ್ಪೆ, ಒಣಗಿದ ಎಲೆಗಳು ಕೊಳೆತು ಗೊಬ್ಬರವಾಗುತ್ತವೆ. ಸುಮಾರು ಒಂದು ತಿಂಗಳಿಗೆ ಮೆಂತ್ಯ ಸೊಪ್ಪು ಸಾರಿಗೆ ಒದಗುತ್ತದೆ. ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಇರುವ ಜಿ.ಕೆ.ವಿ.ಕೆ. ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ನಡೆಸುವ ಕೃಷಿಮೇಳವನ್ನು ಕಂಡವರಿಗೆ ಇಂತಹ ಹವ್ಯಾಸದ ರುಚಿ ತಿಳಿದೇ ಇದೆ.

ವೃತ್ತಿ, ಸಂಸಾರ ಮತ್ತು ಸೃಜನಶೀಲತೆಗಳನ್ನು ಒಟ್ಟಿಗೆ ಸಾಗಿಸಿದವರು ನಮ್ಮ ಸಾಹಿತ್ಯದಲ್ಲಿಯೂ ಇದ್ದಾರೆ. ಡಾ. ಅನುಪಮಾ ನಿರಂಜನ (1934–1991) ಅವರು ವೈದ್ಯರಾಗಿದ್ದು, ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ, ಕಥೆ ಕಾದಂಬರಿಗಳನ್ನೂ ಆರೋಗ್ಯದ ಪುಸ್ತಕಗಳನ್ನೂ ರಚಿಸಿದರು. ಮಕ್ಕಳಿಗಾಗಿ ಅವರು ‘ದಿನಕ್ಕೊಂದು ಕಥೆ’ ಎಂಬ ಹನ್ನೆರಡು ಸಂಪುಟಗಳ ಮಾಲೆಯನ್ನೇ ಬರೆದರು. 1917ರಲ್ಲಿ ಜನಿಸಿದ ಎಂ.ಕೆ. ಇಂದಿರಾ ಅವರು ಗೃಹಿಣಿಯಾಗಿ ಬಹುಕಾಲ ಬಾಳಿದ ಬಳಿಕ, 1963ರಲ್ಲಿ ‘ತುಂಗಭದ್ರಾ’ ಎಂಬ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. ಆಗ ಅವರಿಗೆ ನಲವತ್ತೈದು ವರ್ಷಗಳು ದಾಟಿದ್ದವು. ಇವರ ಸಾಧನೆಯನ್ನು ಮೆಚ್ಚುವಾಗಲೇ, ಬಿಡುವು ದೊರೆಯದೆ ಪೆಟ್ಟಿಗೆಯಲ್ಲಿಯೇ ಉಳಿದುಹೋದ ಸೆರಗುಗಳೂ ಬರಹಗಳೂ ನಾಡಿನಲ್ಲಿ ಎಷ್ಟಿರಬಹುದೆಂದು ಯೋಚಿಸಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೂ ಹಾಡು ಬಲ್ಲ ತಾಯಿಯೋ, ಚಿತ್ರ ಬರೆಯಬಲ್ಲ ತಂದೆಯೋ ಇರಬಹುದು. ಅವರ ಕಲೆಯನ್ನು ಹೊಗಳುವುದು ಸುಲಭ. ಉಂಡ ತಟ್ಟೆಯನ್ನು ತೊಳೆದಿಟ್ಟು, ನಿಮ್ಮ ಬಟ್ಟೆಯನ್ನು ನೀವೇ ಮಡಿಸಿ, ಅವರ ಕೈಗೆ ಅರ್ಧ ಗಂಟೆಯನ್ನು ಒಪ್ಪಿಸುವುದು ಅದಕ್ಕಿಂತ ಹಿರಿದಾದ ಗೌರವ.

ಅಭ್ಯಾಸ

1. ಮನೆಯಲ್ಲಿಯೇ ದುಡಿಯುವುದು ಹಳೆಯ ಪದ್ಧತಿಯೆಂಬುದಕ್ಕೆ ಲೇಖಕರು ಕೊಡುವ ಉದಾಹರಣೆ ಯಾವುದು?
2. 2019ರ ಸಮೀಕ್ಷೆಯಿಂದ ತಿಳಿದುಬಂದ ಅಂಶಗಳಾವುವು?
3. ಕಸೂತಿಯ ವೈಶಿಷ್ಟ್ಯಗಳನ್ನು ವಿವರಿಸಿರಿ.
4. “ಹನಿಗೂಡಿದರೆ ಹಳ್ಳ” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ.
5. ನಿಮ್ಮ ಮನೆಯ ಒಂದು ದಿನದ ಕೆಲಸಗಳನ್ನೂ ಅವುಗಳನ್ನು ಮಾಡುವವರನ್ನೂ ಪಟ್ಟಿಮಾಡಿರಿ. ಅದನ್ನು ಮನೆಯವರೊಡನೆ ಚರ್ಚಿಸಿರಿ.