ಕಂಪ್ಯೂಟರಿಗೆ ಉಸಿರು ಕಟ್ಟಿದಾಗ

ಮಕ್ಕಳೇ, ಆಟದ ಬಯಲಿನಲ್ಲಿ ಓಡಿ ಬಂದಾಗ ನಿಮಗೆ ಏದುಸಿರು ಬರುತ್ತದೆ, ಮೈ ಬಿಸಿಯಾಗುತ್ತದೆ ಅಲ್ಲವೇ? ಆ ಹೊತ್ತಿನಲ್ಲಿ ಯಾರಾದರೂ ನಿಮಗೆ ಕಂಬಳಿ ಹೊದಿಸಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿದರೆ ಹೇಗಿರುತ್ತದೆ? ಒಂದು ಶಾಲೆಯ ಕಂಪ್ಯೂಟರಿಗೆ ಹೀಗೆಯೇ ಆಗಿತ್ತು. ಅದರ ಕಥೆಯನ್ನು ಕೇಳಿ.

ಕೆಲವು ವರ್ಷಗಳ ಹಿಂದೆ ನಾನು ಬಿಸಿಲು ನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಭೇಟಿ ಕೊಟ್ಟಿದ್ದೆ. ಆ ಶಾಲೆಗೆ ಇದ್ದುದು ಒಂದೇ ಒಂದು ಚಿಕ್ಕ ಪೆಟ್ಟಿಗೆಯ ಕಂಪ್ಯೂಟರ್. ಆನ್ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಅದು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ತಾನಾಗಿಯೇ ಆಫ್ ಆಗುತ್ತಿತ್ತು. ಮಕ್ಕಳು ಅದರಲ್ಲಿ ಬಿಡಿಸಿದ ಚಿತ್ರ, ಬರೆದ ಅಕ್ಷರ ಎಲ್ಲವೂ ಹೋಗುತ್ತಿದ್ದವು. ಕಂಪ್ಯೂಟರ್ ಕೆಟ್ಟಿದೆಯೆಂದೂ ಅದನ್ನು ದಾಸ್ತಾನು ಪಟ್ಟಿಯಿಂದ ತೆಗೆಯಲು ಅರ್ಜಿ ಸಿದ್ಧವಾಗಿದೆಯೆಂದೂ ಮುಖ್ಯ ಶಿಕ್ಷಕರು ಬೇಸರದಿಂದ ಹೇಳಿದರು.

ಕಳ್ಳರ ಭಯದಿಂದ ಅದನ್ನು ಮರದ ಬೀರುವಿನೊಳಗೆ ಇಟ್ಟಿದ್ದರು. ದೂಳು ಬೀಳದಿರಲೆಂದು ಮೇಲೊಂದು ಬಟ್ಟೆ ಹೊದಿಸಿದ್ದರು. ಐದನೇ ತರಗತಿಯ ಹುಡುಗಿಯೊಬ್ಬಳು ಬೀರುವಿನೊಳಗೆ ಕೈ ಹಾಕಿ, "ಸರ್, ಒಲಿ ಮುಂದ ಕೈ ಹಿಡಿದಂಗ ಆಗತೈತಿ" ಎಂದಳು. ರೋಗ ಯಾವುದೆಂದು ಅವಳು ಕಂಡುಹಿಡಿದಿದ್ದಳು!

ಶಾಖ ಎಲ್ಲಿಂದ ಬರುತ್ತದೆ?

ಕಂಪ್ಯೂಟರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಬದಲಾಗುತ್ತದೆ. 60 ವ್ಯಾಟ್ ವಿದ್ಯುತ್ ಬಳಸುವ ಪೆಟ್ಟಿಗೆಯೆಂದರೆ ಒಳಗೆ ಹಳೆಯ ಕಾಲದ 60 ವ್ಯಾಟಿನ ತಂತಿ ಬಲ್ಬು ಉರಿಯುತ್ತಿದ್ದ ಹಾಗೆ. ಈ ಶಾಖದ ಬಹುಪಾಲು ಹುಟ್ಟುವುದು ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ನಲ್ಲಿ. ಅದರೊಳಗಿನ ಸಿಲಿಕಾನ್ ಚಿಪ್ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಅಷ್ಟೇ.

1971ರಲ್ಲಿ ಬಂದ ಇಂಟೆಲ್ 4004 ಎಂಬ ಪ್ರೊಸೆಸರ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಅದು ಬಳಸುತ್ತಿದ್ದುದು 1 ವ್ಯಾಟಿಗಿಂತ ಕಡಿಮೆ. ಫ್ಯಾನಿನ ಅಗತ್ಯವೇ ಇರಲಿಲ್ಲ. 2000ದಲ್ಲಿ ಬಂದ ಪೆಂಟಿಯಂ 4 ಪ್ರೊಸೆಸರ್ 50 ವ್ಯಾಟನ್ನು ಮೀರಿತು. ಈಗಿನ ಪ್ರೊಸೆಸರ್‌ಗಳಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿರುತ್ತವೆ. ಇವುಗಳ ತಾಪ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಾಪ ಇನ್ನೂ ಏರಿದರೆ, ಸುಟ್ಟುಹೋಗದಿರಲೆಂದು ಕಂಪ್ಯೂಟರ್ ಆಫ್ ಆಗುತ್ತದೆ. ಆ ಶಾಲೆಯ ಕಂಪ್ಯೂಟರ್ ಕೆಟ್ಟಿರಲಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು.

ಶಾಖದ ಪ್ರಯಾಣ

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ವಿಧಗಳಲ್ಲಿ ಸಾಗುತ್ತದೆ ಎಂದು ನೀವು ಓದುತ್ತೀರಿ. ಕಂಪ್ಯೂಟರಿನಲ್ಲಿ ಮೊದಲೆರಡರದೇ ಮುಖ್ಯ ಕೆಲಸ.

ಪ್ರೊಸೆಸರ್ ಮೇಲೆ ಅಲ್ಯೂಮಿನಿಯಂ ಅಥವಾ ತಾಮ್ರದ ಹೀಟ್ ಸಿಂಕ್ ಕೂತಿರುತ್ತದೆ. ಅದಕ್ಕೆ ಬಾಚಣಿಗೆಯಂತೆ ಸಾಲು ಸಾಲು ತೆಳು ಹಲ್ಲುಗಳು. ಇವುಗಳಿಂದ ಗಾಳಿಗೆ ತಾಗುವ ಮೇಲ್ಮೈ ಬಹಳ ಹೆಚ್ಚುತ್ತದೆ. ಬಿಸಿ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿದರೆ ಬೇಗ ಆರುವುದಿಲ್ಲವೇ, ಹಾಗೆ.

ಪ್ರೊಸೆಸರ್ ಮತ್ತು ಹೀಟ್ ಸಿಂಕ್ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಸಂದಿನಲ್ಲಿ ಗಾಳಿ ಇದ್ದರೆ ಶಾಖ ಸುಲಭವಾಗಿ ದಾಟುವುದಿಲ್ಲ. ಏಕೆಂದರೆ ನಿಂತ ಗಾಳಿಗಿಂತ ಅಲ್ಯೂಮಿನಿಯಂ ಸಾವಿರಾರು ಪಟ್ಟು ಉತ್ತಮ ಶಾಖವಾಹಕ. ಆದ್ದರಿಂದ ಸಂದು ತುಂಬಲು ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ತೆಳ್ಳಗೆ ಹಚ್ಚುತ್ತಾರೆ. ಇಲ್ಲಿಯವರೆಗೆ ವಹನ. ಇನ್ನು ಮುಂದೆ ಹಲ್ಲುಗಳಿಂದ ಶಾಖವನ್ನು ಹೊತ್ತೊಯ್ಯುವುದು ಗಾಳಿ. ಅದು ಸಂವಹನ.

ಫ್ಯಾನ್ ತಂಪನ್ನು ತಯಾರಿಸುವುದಿಲ್ಲ

ಇದು ಈ ಪಾಠದ ಮುಖ್ಯ ಮಾತು. ಫ್ಯಾನ್ ತಂಪನ್ನು ತಯಾರಿಸುವುದಿಲ್ಲ. ಬಿಸಿ ಗಾಳಿಯನ್ನು ಆಚೆ ಸಾಗಿಸಿ, ಅದರ ಜಾಗಕ್ಕೆ ಬೇರೆ ಗಾಳಿಯನ್ನು ತರುತ್ತದೆ, ಅಷ್ಟೇ. ಎಷ್ಟು ಗಾಳಿ ಬೇಕು? ಲೆಕ್ಕ ಮಾಡೋಣ. 1 ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಅದನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 12 ಜೂಲ್ ಶಕ್ತಿ ಬೇಕು. 60 ವ್ಯಾಟ್ ಎಂದರೆ ಸೆಕೆಂಡಿಗೆ 60 ಜೂಲ್. 60ನ್ನು 12ರಿಂದ ಭಾಗಿಸಿದರೆ 5. ಅಂದರೆ ಪ್ರತಿ ಸೆಕೆಂಡಿಗೆ 5 ಲೀಟರ್ ಹೊಸ ಗಾಳಿ ಒಳಬಂದು ಹೊರಹೋದರೆ, ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಯಷ್ಟೇ ಬಿಸಿಯಾಗಿರುತ್ತದೆ.

ಆದರೆ ಮುಚ್ಚಿದ ಬೀರುವಿನಲ್ಲಿ ಹೊಸ ಗಾಳಿ ಎಲ್ಲಿದೆ? ಫ್ಯಾನ್ ತಾನು ಊದಿದ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಅದು ಎಷ್ಟು ಜೋರಾಗಿ ತಿರುಗಿದರೂ ಪ್ರಯೋಜನವಿಲ್ಲ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಕೋಣೆಯ ಗಾಳಿ ಬಿಸಿಯಾದಷ್ಟೂ ಪ್ರೊಸೆಸರ್ ಇನ್ನಷ್ಟು ಬಿಸಿಯಾಗುತ್ತದೆ.

ಸದ್ದು ಏಕೆ?

ಪ್ರೊಸೆಸರ್ ಒಳಗೆ ತಾಪ ಅಳೆಯುವ ವ್ಯವಸ್ಥೆ ಇದೆ. ತಾಪ ಏರಿದಂತೆ ಫ್ಯಾನಿನ ವೇಗವೂ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿ ಎರಡು ಪಟ್ಟಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಹೆಚ್ಚುತ್ತದೆ. 10 ಡೆಸಿಬೆಲ್ ಹೆಚ್ಚಿದರೇ ಸದ್ದು ಇಮ್ಮಡಿಯಾದಂತೆ ನಮ್ಮ ಕಿವಿಗೆ ಕೇಳಿಸುತ್ತದೆ. ಆದ್ದರಿಂದಲೇ ಚಿಕ್ಕ ಫ್ಯಾನನ್ನು ಜೋರಾಗಿ ತಿರುಗಿಸುವುದಕ್ಕಿಂತ ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದು ಲೇಸು. ಸವೆದ ಬೇರಿಂಗ್, ರೆಕ್ಕೆಗೆ ಅಂಟಿದ ದೂಳು, ಮೇಜಿಗೆ ಹರಡುವ ಕಂಪನ ಇವೂ ಸದ್ದನ್ನು ಹೆಚ್ಚಿಸುತ್ತವೆ.

ನಾವು ಮಾಡಿದ ಚಿಕಿತ್ಸೆ

ಶಿಕ್ಷಕರೊಂದಿಗೆ ಸೇರಿ ಕಂಪ್ಯೂಟರನ್ನು ವರಾಂಡಕ್ಕೆ ತಂದು ಮುಚ್ಚಳ ತೆಗೆದೆವು. ಹೀಟ್ ಸಿಂಕ್ ಹಲ್ಲುಗಳ ಮೇಲೆ ದೂಳು ಕಂಬಳಿಯ ತುಂಡಿನಂತೆ ಕೂತಿತ್ತು. ಚಿತ್ರ ಬಿಡಿಸುವ ಮೆತ್ತನೆಯ ಕುಂಚದಿಂದ ಅದನ್ನು ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿದೆವು. ಒಣಗಿ ಬಿರುಕು ಬಿಟ್ಟಿದ್ದ ಹಳೆಯ ಪೇಸ್ಟನ್ನು ಒರೆಸಿ, ಹೆಸರುಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಹೀಟ್ ಸಿಂಕನ್ನು ಕೂರಿಸಿದೆವು. ಕಂಪ್ಯೂಟರಿನ ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನಿಟ್ಟೆವು.

ಬೀರುವಿನ ಗತಿ? ಕಳ್ಳರ ಭಯ ಸುಳ್ಳಲ್ಲ. ಊರಿನ ಬಡಗಿಯೊಬ್ಬರು ಅದರ ಹಿಂದಿನ ಹಲಗೆ ಬಿಚ್ಚಿ ಗಟ್ಟಿ ತಂತಿ ಜಾಲರಿ ಹೊಡೆದುಕೊಟ್ಟರು. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿದೆವು. ಬೀಗ ಇದ್ದಂತೆಯೇ ಇತ್ತು, ಗಾಳಿಗೂ ದಾರಿಯಾಯಿತು. ಕೆಲಸ ಮಾಡುವಾಗ ಬಾಗಿಲು ತೆರೆದಿಡುವುದು, ಆಫ್ ಮಾಡಿ ಆರಿದ ಮೇಲಷ್ಟೇ ಬಟ್ಟೆ ಹೊದಿಸುವುದು ಎಂದು ನಿಯಮ ಮಾಡಿಕೊಂಡೆವು.

ಮೊದಲು 94 ಡಿಗ್ರಿ ತೋರಿಸುತ್ತಿದ್ದ ಪ್ರೊಸೆಸರ್ ತಾಪ ಈಗ 61ರಲ್ಲಿ ನಿಂತಿತು. ಗಿರಣಿಯ ಸದ್ದು ಅಡಗಿತು. ಹೊಸ ಫ್ಯಾನ್ ತಂದಿರಲಿಲ್ಲ; ಅದೇ ಫ್ಯಾನ್ ನಿಧಾನವಾಗಿ ತಿರುಗುತ್ತಿತ್ತು. ಆ ಹುಡುಗಿ ಬಿಡಿಸಿದ ಬೇವಿನ ಮರ ಅಂದು ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ಉಳಿಯಿತು. ಮುಖ್ಯ ಶಿಕ್ಷಕರು ಅರ್ಜಿಯನ್ನು ಕಳಿಸಲಿಲ್ಲ.

ಎಚ್ಚರಿಕೆ

ಮಕ್ಕಳು ಕಂಪ್ಯೂಟರನ್ನು ಬಿಚ್ಚಬಾರದು. ಇದು ತಿಳಿದ ಹಿರಿಯರ ಕೆಲಸ. ಬಿಚ್ಚುವ ಮೊದಲು ಕಂಪ್ಯೂಟರನ್ನು ಯುಪಿಎಸ್‌ನಿಂದಲೂ ಕಳಚಬೇಕು. ಕರೆಂಟ್ ಹೋಗಿದ್ದರೂ ಯುಪಿಎಸ್ ಬ್ಯಾಟರಿಯಿಂದ ವಿದ್ಯುತ್ ಬರುತ್ತಿರುತ್ತದೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾರೂ ತೆರೆಯಬಾರದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿಯಬೇಕು. ಒದ್ದೆ ಬಟ್ಟೆ ಬಳಸಬಾರದು.

ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿ ನೀರನ್ನು ಶಿಕ್ಷಕರಿಂದ ಹಾಕಿಸಿಕೊಂಡು ತಟ್ಟೆ ಮುಚ್ಚಿ. ಒಂದನ್ನು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಎರಡನೆಯದನ್ನು ಒಂದು ಬದಿಯ ಕೆಳಗೆ, ಎದುರು ಬದಿಯ ಮೇಲೆ ತೂತು ಮಾಡಿದ ಪೆಟ್ಟಿಗೆಯಲ್ಲಿಡಿ. ಮೂರನೆಯದನ್ನು ಫ್ಯಾನಿನ ಗಾಳಿಯಲ್ಲಿಡಿ. ಐದು ನಿಮಿಷಕ್ಕೊಮ್ಮೆ ತಾಪ ಅಳೆದು ಪಟ್ಟಿ ಮಾಡಿ. ಯಾವುದು ಬೇಗ ಆರಿತು? ಏಕೆ?

ಯೋಚಿಸಿ ಉತ್ತರಿಸಿ

1. ಎರಡನೆಯ ಪೆಟ್ಟಿಗೆಗೆ ಒಂದು ತೂತನ್ನು ಕೆಳಗೆ, ಇನ್ನೊಂದನ್ನು ಮೇಲೆ ಮಾಡಿದ್ದೇಕೆ?
2. 30 ವ್ಯಾಟಿನ ಕಂಪ್ಯೂಟರಿಗೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬೇಕು?
3. ನಿಮ್ಮ ಶಾಲೆಯ ಕಂಪ್ಯೂಟರಿಗೆ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ? ದಾರಿಯಲ್ಲಿ ಅಡ್ಡ ಏನಾದರೂ ಇದೆಯೇ? ಇಂದೇ ನೋಡಿ, ಶಿಕ್ಷಕರಿಗೆ ತಿಳಿಸಿ.