ನೆಗೆಣ್ಣಿಯ ಮಾತು ಮತ್ತು ಮನೆಯವರ ಮೌನ

ಪ್ರಶ್ನೆ: ನನಗೆ 34 ವರ್ಷ. ಎರಡು ಹೆರಿಗೆಯಾದ ಮೇಲೆ ಎದೆ ಜೋತುಬಿದ್ದಿದೆ. ಮನೆಯವರ ಎದುರು ಬಟ್ಟೆ ಬದಲಿಸಲೂ ನಾಚಿಕೆ. ಅವರು ಏನೂ ಅಂದಿಲ್ಲ. ‘ಎರಡೆರಡು ವರ್ಷ ಹಾಲು ಕುಡಿಸಿದರೆ ಹಿಂಗೇ ಆಗೂದು’ ಅಂತ ನೆಗೆಣ್ಣಿ ಅನ್ನುತ್ತಾಳೆ. ಬೆಳಗಾವಿಯಲ್ಲಿ ಇದಕ್ಕೆ ಆಪರೇಷನ್ ಮಾಡುತ್ತಾರಂತೆ. ಇದು ಹುಚ್ಚು ಆಸೆಯೇ?
– ಓದುಗರು, ಖಾನಾಪುರ

ತಂಗಿ, ಹುಚ್ಚಲ್ಲ. ಮೈ ಬದಲಾದಾಗ ಮನಸ್ಸು ಹಳೆಯ ಮೈಯನ್ನು ನೆನೆದು ನೋಯುತ್ತದೆ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದವರು ನಿಮ್ಮಂತೆ ಎಷ್ಟೋ ಮಂದಿ.

ಮೊದಲು ನೆಗೆಣ್ಣಿಯ ಮಾತು. ಹಾಲೂಡಿಸಿದ್ದರಿಂದ ಎದೆ ಜೋಲುವುದಿಲ್ಲ. ಬಸಿರಿನಲ್ಲಿ ಹಿಗ್ಗಿದ್ದು ಆಮೇಲೆ ಕುಗ್ಗುವುದು, ವಯಸ್ಸು, ತೂಕದ ಏರಿಳಿತ, ಧೂಮಪಾನ ಇವೇ ಕಾರಣ. ಹಾಲೂಡಿಸದ ತಾಯಂದಿರಿಗೂ ಹೀಗಾಗುತ್ತದೆ. ಮಕ್ಕಳಿಗೆ ಕೊಟ್ಟಿದ್ದನ್ನು ತಪ್ಪು ಎಂದುಕೊಳ್ಳಬೇಡಿ. ಮೊಬೈಲಿನಲ್ಲಿ ಬರುವ ಎಣ್ಣೆ, ಕ್ರೀಮಿಗೆ ದುಡ್ಡು ಸುರಿಯಲೂ ಬೇಡಿ. ಸಡಿಲಾದ ಚರ್ಮ ಅವುಗಳಿಂದ ಬಿಗಿಯಾಗದು.

ಇನ್ನು ಆಪರೇಷನ್. ಪೂರ್ತಿ ಅರಿವಳಿಕೆ ಕೊಟ್ಟು, ಹೆಚ್ಚಾದ ಚರ್ಮ ತೆಗೆದು, ತೊಟ್ಟನ್ನು ಮೇಲಕ್ಕೆ ತಂದು ಹೊಲಿಯುತ್ತಾರೆ. ಸಾಮಾನ್ಯವಾಗಿ ಎರಡು ಮೂರು ತಾಸು. ಎದೆ ಮೇಲೇರುತ್ತದೆ, ದೊಡ್ಡದಾಗುವುದಿಲ್ಲ. ಹೊಲಿಗೆಯ ಕಲೆ ತೊಟ್ಟಿನ ಸುತ್ತ, ಅಲ್ಲಿಂದ ನೇರ ಕೆಳಗೆ, ಕೆಲವರಿಗೆ ಎದೆಯಡಿಯ ಮಡಿಕೆಯುದ್ದಕ್ಕೂ ಇರುತ್ತದೆ. ವರ್ಷ ಕಳೆದಂತೆ ಮಾಸುತ್ತದೆ, ಪೂರ್ತಿ ಅಳಿಯುವುದಿಲ್ಲ. ಕಿವಿ ಚುಚ್ಚಿಸಿದ ಜಾಗದಲ್ಲಿ ನಿಮಗೆ ಗಂಟು ಕಟ್ಟಿತ್ತೆ? ಹಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಈ ಕಲೆಯೂ ಉಬ್ಬಬಹುದು. ತೊಟ್ಟು ತಿಂಗಳುಗಟ್ಟಲೆ ಮರಗಟ್ಟಬಹುದು. ಕೆಲವರಿಗೆ ಸ್ಪರ್ಶ ಮರಳುವುದೇ ಇಲ್ಲ. ಸೋಂಕು, ರಕ್ತಸ್ರಾವ, ಎರಡೂ ಬದಿ ಸಮವಾಗದಿರುವುದು ಇವು ಇದ್ದೇ ಇರುವ ಅಪಾಯಗಳು. ಇನ್ನೊಂದು ಮಗು ಬೇಕೆನಿಸಿದ್ದರೆ ಸದ್ಯಕ್ಕೆ ಬೇಡ: ಹಾಲೂಡಿಸಲು ತೊಡಕಾದೀತು, ಬಸಿರಾದರೆ ಎದೆ ಮತ್ತೆ ಜೋತೀತು.

ಒಂದೆರಡು ವಾರ ವಿಶ್ರಾಂತಿ. ನಾಲ್ಕರಿಂದ ಆರು ವಾರ ತುಂಬಿದ ಕೊಡ ಎತ್ತುವಂತಿಲ್ಲ, ಮಗುವನ್ನೂ. ಹಗಲು ರಾತ್ರಿ ಆಧಾರ ಕೊಡುವ ಬ್ರಾ ತೊಟ್ಟೇ ಇರಬೇಕು. ಖಾನಾಪುರದ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ, ಹೊಲಿಗೆಗೆ ಪಸೆ ಒಳ್ಳೆಯದಲ್ಲ. ಮಾಡಿಸುವುದೇ ಆದರೆ ದೀಪಾವಳಿ ಕಳೆಯಲಿ ಎಂಬುದು ನನ್ನ ಅಭಿಪ್ರಾಯ.

ಆ ಆರು ವಾರ ಮನೆಗೆಲಸ ಯಾರು ಮಾಡುತ್ತಾರೆ? ಮನೆಯವರೊಡನೆ ಮಾತಾಡದೆ ಇದು ಬಗೆಹರಿಯದು. ಅವರು ‘ಏನೂ ಅಂದಿಲ್ಲ’ ಎಂದು ಬರೆದಿದ್ದೀರಿ, ಆದರೆ ಆ ಮೌನಕ್ಕೆ ಬೇಸರ ಎಂಬ ಅರ್ಥ ಹಚ್ಚಿದವರು ನೀವೇ ಇರಬಹುದು. ಕೇಳಿ ನೋಡಿ. ನಿಮ್ಮ ಸಂಕಟ ಅವರಿಗೆ ಗೊತ್ತೇ ಇಲ್ಲದಿರಬಹುದು. ಎದೆ ಸರಿಯಾದರೆ ಅವರು ತಾವಾಗಿ ಮಾತಾಡುತ್ತಾರೆಂಬ ನಂಬಿಕೆಯಿಂದ ಮಾತ್ರ ಆಸ್ಪತ್ರೆಗೆ ಹೋಗಬೇಡಿ. ಅವರ ಉತ್ತರ ಕೇಳಿದ ಮೇಲೂ ‘ನನಗಾಗಿ ಬೇಕು’ ಎನಿಸಿದರೆ, ಆ ಬಯಕೆ ನಿಮ್ಮದು; ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಬೆಳಗಾವಿಯ ಕೆಎಲ್ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಎಲ್ಲಿಗೇ ಹೋದರೂ ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಆಗಿದೆಯೇ ಎಂದು ವಿಚಾರಿಸಿ. ಪೂರ್ತಿ ಖರ್ಚನ್ನು ಬರೆಸಿಕೊಳ್ಳಿ. ಅಂದಕ್ಕಾಗಿ ಮಾಡಿಸುವುದಕ್ಕೆ ವಿಮೆ ಸಾಮಾನ್ಯವಾಗಿ ಸಿಗದು. ನಿದ್ದೆ ಬಾರದಷ್ಟು, ಕೆಲಸ ಸಾಗದಷ್ಟು ಕೊರಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ಚರ್ಮ ಒಳಗೆ ಎಳೆದಂತೆ ಕಂಡರೆ ಅಂದದ ಯೋಚನೆ ಬದಿಗಿರಲಿ. ಅದೇ ವಾರ ಡಾಕ್ಟರಿಗೆ ತೋರಿಸಿ.